ಮೂವತ್ತೆಂಟನೇ ನಡೆ ನಿರಪರಾಧಿ

ಚೆಸ್ ರೇಟಿಂಗ್ ಟೂರ್ನಿಯ ಹಾಲ್‌ನಿಂದ ಸೋತು ಹೊರಬಂದವರ ಮೊದಲ ಮಾತು ಊರು ಯಾವುದಾದರೂ ಒಂದೇ: "ಗೆಲ್ಲೋ ಗೇಮ್ ಕಣ್ರೀ. ಒಂದೇ ಒಂದು ಮೂವ್, ಮೂವತ್ತೆಂಟನೇದು, ಎಲ್ಲ ಕೆಟ್ಟೋಯ್ತು." ಎದುರಾಳಿಯ ರೇಟಿಂಗ್, ಅಂದರೆ ಆಟದ ಬಲ ಅಳೆಯುವ ಅಂಕ, ನಾನೂರು ಹೆಚ್ಚಿದ್ದರಂತೂ ಈ ಮಾತಿಗೆ ಇನ್ನಷ್ಟು ಕಳೆ. ದೊಡ್ಡ ಆಟಗಾರನನ್ನು ನಾಲ್ಕು ಗಂಟೆ ಹಿಡಿದು ನಿಲ್ಲಿಸಿದ ಹೆಮ್ಮೆ ಒಂದು ಕಡೆ, ಆ ಪಾಪಿ ನಡೆಯ ಮೇಲಿನ ಸಿಟ್ಟು ಇನ್ನೊಂದು ಕಡೆ. ತನಿಖೆಗೆ ಕೂತರೆ ಗೊತ್ತಾಗುತ್ತದೆ, ಮೂವತ್ತೆಂಟನೇ ನಡೆ ಬರುವ ಹೊತ್ತಿಗೆ ಗೇಮ್ ಸತ್ತು ಹದಿನೈದು ನಡೆಯಾಗಿತ್ತು. ಪಾಪ, ಅದು ಹೆಣದ ಪಕ್ಕ ನಿಂತಿದ್ದಕ್ಕೆ ಸಿಕ್ಕಿಬಿದ್ದದ್ದು.

ಮೊದಲ ಸುತ್ತಿನಲ್ಲೇ ಅಷ್ಟು ದೊಡ್ಡವರು ಸಿಗುವುದಕ್ಕೆ ಗ್ರಹಗತಿ ಕಾರಣವಲ್ಲ, ಸ್ವಿಸ್ ಪದ್ಧತಿ ಕಾರಣ. ಇನ್ನೂರು ಜನರನ್ನು ರೇಟಿಂಗ್ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವೆ ಎರಡು ಭಾಗ ಮಾಡುತ್ತಾರೆ. 1ನೇ ಕ್ರಮಾಂಕಕ್ಕೆ 101, 2ಕ್ಕೆ 102. ಹಾಗಾಗಿ 1500ರವರ ಮುಂದೆ 1900 ಬಂದು ಕೂರುತ್ತದೆ. ಆ 1900ಕ್ಕೆ ಎಷ್ಟೋ ಸಲ ಒಂಬತ್ತೇ ವರ್ಷ. ಬೋರ್ಡ್ ಎಟುಕಲೆಂದು ಕುರ್ಚಿಯ ಮೇಲೆ ಮಂಡಿಯೂರಿ ಕೂತಿರುತ್ತದೆ, ನಿಮ್ಮನ್ನು "ಅಂಕಲ್" ಎನ್ನುತ್ತದೆ, ನಿಮ್ಮ ಆನೆಯನ್ನು ಕಟ್ ಮಾಡಿ ಬಾಟಲಿಯಿಂದ ಸ್ಟ್ರಾದಲ್ಲಿ ನೀರು ಕುಡಿಯುತ್ತದೆ.

ಸೋತವರು ಆಟಕ್ಕಿಂತ ಮೊದಲು ವಿಶ್ಲೇಷಿಸುವುದು ರೇಟಿಂಗ್ ಲೆಕ್ಕವನ್ನು. ಅದನ್ನೂ ಮುಗಿಸಿಬಿಡೋಣ. ನಾನೂರರ ಅಂತರವಿದ್ದರೆ ಕೆಳಗಿನವರಿಂದ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ನಿರೀಕ್ಷಿಸುವುದು 0.08 ಅಂಕ (ಗೆದ್ದರೆ 1, ಡ್ರಾಗೆ ಅರ್ಧ). ಮೂವತ್ತು ರೇಟೆಡ್ ಗೇಮ್ ದಾಟಿದ ವಯಸ್ಕರ ಕೆ ಅಂಶ, ಅಂದರೆ ನಿರೀಕ್ಷೆಗೂ ಫಲಿತಾಂಶಕ್ಕೂ ಇರುವ ಅಂತರವನ್ನು ಗುಣಿಸುವ ಸಂಖ್ಯೆ, 20. ಅಂದರೆ ಸೋತರೆ ಹೋಗುವುದು 1.6, ಡ್ರಾ ಆದರೆ ಬರುವುದು 8.4. ಹದಿನೆಂಟರೊಳಗಿನ, 2300 ಮುಟ್ಟದ ಮಕ್ಕಳಿಗೆ ಕೆ 40. ಗೆದ್ದರೆ ಆ ಮಗುವಿಗೆ ಸಿಗುವುದು 3.2, ನಿಮ್ಮೊಂದಿಗೆ ಡ್ರಾ ಮಾಡಿಕೊಂಡರೆ ಹೋಗುವುದು 16.8. ಬಾಗಿಲ ಹೊರಗೆ ನಿಂತ ಅದರ ತಂದೆಯ ಮುಖ ಯಾಕೆ ಹಾಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಭಯ ಯಾರಿಗೆ ಹೆಚ್ಚು ಇರಬೇಕಿತ್ತು ಎಂಬುದೂ ಇದೇ ಲೆಕ್ಕದಲ್ಲಿದೆ. ಇದನ್ನು ಆಟಕ್ಕೆ ಮುಂಚೆ ಮಾಡಿಕೊಂಡು ಹೋಗುವವರು ಕಡಿಮೆ.

ಈಗ ನಡೆಗಳನ್ನು ಬರೆದಿಡುವ ಹಾಳೆ, ಸ್ಕೋರ್‌ಶೀಟ್. ತೊಂಬತ್ತು ನಿಮಿಷದ ಮೇಲೆ ನಡೆಗೆ ಮೂವತ್ತು ಸೆಕೆಂಡ್ ಸೇರುವ ಆಟದಲ್ಲಿ ಕೊನೆಯ ನಡೆಯವರೆಗೂ ಬರೆಯಲೇಬೇಕು. ಐದು ನಿಮಿಷಕ್ಕಿಂತ ಕಡಿಮೆ ಉಳಿದಾಗ ಬರೆಯದಿರುವ ರಿಯಾಯಿತಿ ಮೂವತ್ತು ಸೆಕೆಂಡಿನ ಹೆಚ್ಚುವರಿ ಇಲ್ಲದ ಆಟಗಳಿಗೆ ಮಾತ್ರ. ಮೊದಲ ಇಪ್ಪತ್ತು ನಡೆ ಮುತ್ತು ಪೋಣಿಸಿದಂಥ ಅಕ್ಷರ. ಮೂವತ್ತರ ಮೇಲೆ ಇಂಗ್ಲಿಷಿನ ಸಿ ಯಾವುದು ಇ ಯಾವುದು, ಜಿ ಯಾವುದು ಒಂಬತ್ತು ಯಾವುದು, ಬಿ ಯಾವುದು ಆರು ಯಾವುದು ಎಂದು ಬರೆದವರಿಗೇ ತಿಳಿಯದು. ಬೋರ್ಡಿನ ಉದ್ದ ಸಾಲಿಗೆ (ಫೈಲ್) ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡ ಸಾಲಿಗೆ (ರ‍್ಯಾಂಕ್) 1ರಿಂದ 8ರವರೆಗೆ ಸಂಖ್ಯೆ, ಎರಡೂ ಸೇರಿದರೆ ಮನೆಯ ಹೆಸರು. ಡಿ2 ಮನೆಗೆ ಎರಡೂ ಕುದುರೆ ಹೋಗಬಹುದಾಗಿದ್ದಾಗ ಯಾವುದು ಹೋಯಿತೆಂದು ಬರೆದಿರುವುದಿಲ್ಲ. ಮನೆಯಲ್ಲಿ ತಪ್ಪು ಕುದುರೆಯನ್ನು ಎತ್ತಿಟ್ಟರೆ ಆರು ನಡೆ ಸರಾಗವಾಗಿ ಸಾಗಿ, ಏಳನೆಯದರಲ್ಲಿ ಬೋರ್ಡ್ ಮೇಲೆ ಇಲ್ಲದ ಕಾಲಾಳು ಇಲ್ಲದ ಒಂಟೆಯನ್ನು ಹೊಡೆಯುತ್ತದೆ. ಆಗ ಹಿಂದಿನಿಂದ ಮುಂದಕ್ಕೆ ಹೋಗದೆ ಮುಂದಿನಿಂದ ಹಿಂದಕ್ಕೆ ಬನ್ನಿ: ಕೊನೆಯ ಪೊಸಿಶನ್ ಎಲ್ಲರಿಗೂ ನೆನಪಿರುತ್ತದೆ, ಅದನ್ನು ಇಟ್ಟು ಒಂದೊಂದೇ ನಡೆ ವಾಪಸ್ ತೆಗೆಯಿರಿ. ಅದೂ ಆಗದಿದ್ದರೆ ಎದುರಾಳಿಯ ಶೀಟ್ ಕೇಳಿ ಫೋಟೊ ಹೊಡೆದುಕೊಳ್ಳಿ. ಒಂಬತ್ತು ವರ್ಷದವರ ಕೈಬರಹ ನಮ್ಮದಕ್ಕಿಂತ ಚೆನ್ನಾಗಿರುತ್ತದೆ, ನಾಳೆ ಶಾಲೆಯಲ್ಲಿ ಅದಕ್ಕೆ ಮಾರ್ಕ್ಸ್ ಉಂಟು.

ಶೀಟ್‌ನಲ್ಲಿ ನಡೆಯ ಪಕ್ಕ ಗಡಿಯಾರದಲ್ಲಿ ಉಳಿದ ಸಮಯ ಬರೆಯಲು ನಿಯಮದ ಅಡ್ಡಿಯಿಲ್ಲ. ಐದೈದು ನಡೆಗೊಮ್ಮೆ ಬರೆದರೂ ಸಾಕು. ಮಾಡುವ ಮುಂಚೆ ನಡೆಯನ್ನು ಬರೆದಿಟ್ಟುಕೊಳ್ಳುವಂತಿಲ್ಲ, ಡ್ರಾ ಕೇಳಿಕೆ ಸಲ್ಲಿಸುವಂಥ ಸಂದರ್ಭ ಬಿಟ್ಟು. ಆ ಸಮಯದ ಕಾಲಂ ಇಡೀ ಶೀಟ್‌ನಲ್ಲಿ ಸುಳ್ಳು ಹೇಳದ ಜಾಗ. ಹನ್ನೆರಡನೇ ನಡೆಗೆ ಇಪ್ಪತ್ತೆಂಟು ನಿಮಿಷ ಹೋಗಿದೆ, ಇಪ್ಪತ್ಮೂರನೆಯದಕ್ಕೆ ನಲವತ್ತು ಸೆಕೆಂಡ್. ಹನ್ನೆರಡನೆಯದು ಎರಡು ಸಮಾನ ಒಳ್ಳೆಯ ನಡೆಗಳ ನಡುವಿನ ಆಯ್ಕೆ. ಎಂಜಿನ್, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಎರಡರ ವ್ಯತ್ಯಾಸ ಬರೀ 0.05. ಇಪ್ಪತ್ಮೂರನೆಯದು ಇಡೀ ಆಟದ ತೀರ್ಮಾನ, ಅದನ್ನು "ಹೇಗೂ ಎಕ್ಸ್‌ಚೇಂಜ್ ತಾನೇ" ಎಂದು ನಲವತ್ತು ಸೆಕೆಂಡಿನಲ್ಲಿ ಆಡಿ ಮುಗಿಸಿದ್ದು.

ಎಕ್ಸ್‌ಚೇಂಜ್ (ಕಾಯಿಗೆ ಕಾಯಿ ಬದಲಿಸಿಕೊಳ್ಳುವುದು) ಅಂದರೆ ಯೋಚಿಸುವುದು ಬೇಡ ಎಂಬ ನಂಬಿಕೆಯೇ ಬಲವಾದ ಎದುರಾಳಿಯ ನಿಜವಾದ ಬಂಡವಾಳ. ದೊಡ್ಡವರ ಎದುರು ಕೂತ ಕೂಡಲೇ ನಮ್ಮ ತಲೆಯಲ್ಲಿ ಓಡುವ ಸೂತ್ರ: ಸಿಕ್ಕಿದ್ದೆಲ್ಲ ಕಟ್ ಮಾಡು, ಕಾಯಿ ಕಡಿಮೆಯಾದಷ್ಟೂ ಡ್ರಾ ಹತ್ತಿರ. ಇದು ಎಷ್ಟು ತಪ್ಪು ಎನ್ನುವುದಕ್ಕೆ ಡಿ4ರ ಒಂಟಿ ಕಾಲಾಳು ಸಾಕು. ಅಕ್ಕಪಕ್ಕದ ಸಿ, ಇ ಫೈಲ್‌ಗಳಲ್ಲಿ ಅದಕ್ಕೆ ಜೊತೆಗಾರರಿಲ್ಲ, ಬೇರೆ ಕಾಲಾಳು ಅದನ್ನು ಕಾಯಲಾರದು. ಬದಲಿಗೆ ಬಿಳಿಗೆ ಸಿಗುವುದು ಇ5ರಲ್ಲಿ ಕುದುರೆ ಕೂರಿಸುವ ಜಾಗ, ಎರಡೂ ಆನೆಗಳಿಗೆ ದಾರಿ, ಹೊತ್ತು ನೋಡಿ ಡಿ5ಕ್ಕೆ ನೂಕುವ ಬೆದರಿಕೆ. ಈ ಸಿರಿಯೆಲ್ಲ ಬೋರ್ಡ್ ಮೇಲೆ ಕಾಯಿ ಇದ್ದಾಗ ಮಾತ್ರ. ಕುದುರೆ, ಒಂಟೆಗಳು ಜೋಡಿಜೋಡಿಯಾಗಿ ಇಳಿದುಹೋದ ಮೇಲೆ ಉಳಿಯುವುದು ಸಾಲ ಒಂದೇ. ಎದುರಾಳಿ ಡಿ5ರಲ್ಲಿ ಆನೆ ನಿಲ್ಲಿಸುತ್ತಾನೆ, ಹಿಂದೆ ಇನ್ನೊಂದು ಆನೆ, ಅದರ ಹಿಂದೆ ರಾಣಿ. ನಮ್ಮವೂ ಕಾಯಲು ಅದೇ ಫೈಲ್‌ನಲ್ಲಿ ಸಾಲುಗಟ್ಟುತ್ತವೆ. ಆಮೇಲೆ ಅವನು ಇ5 ನೂಕುತ್ತಾನೆ. ಡಿ4ರ ಕಾಲಾಳು ಅದನ್ನು ಹೊಡೆದರೆ ಹಿಂದಿನವರೆಲ್ಲ ಬಯಲಿಗೆ ಬೀಳುತ್ತಾರೆ. 1981ರಲ್ಲಿ ಇಟಲಿಯ ಮೆರಾನೊದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಒಂಬತ್ತನೇ ಗೇಮ್‌ನಲ್ಲಿ ಕಾರ್ಪೋವ್ ಕೊರ್ಚ್‌ನೊಯ್‌ಗೆ ಮಾಡಿದ್ದು ಇದನ್ನೇ. ಆ ಗೇಮ್ ಒಮ್ಮೆ ಬೋರ್ಡ್ ಮೇಲೆ ಇಟ್ಟು ನೋಡಿದರೆ "ಕಟ್ ಮಾಡು, ಡ್ರಾ ಆಗುತ್ತೆ" ಎನ್ನುವವರಿಗೆ ಜ್ವರ ಬರಬೇಕು. ಗೇಮ್ ಸತ್ತದ್ದು ಕುದುರೆ ಕಟ್ ಮಾಡಿದ ಇಪ್ಪತ್ಮೂರರಲ್ಲಿ. ಮೂವತ್ತೆಂಟರಲ್ಲಿ ಡಿ4 ಬಿದ್ದಾಗ ನಾವು ಗಮನಿಸಿದ್ದು, ಅಷ್ಟೇ.

ಈ ಚಟ ದೊಡ್ಡವರನ್ನೂ ಬಿಟ್ಟಿಲ್ಲ. 2024ರ ಡಿಸೆಂಬರ್ 12, ಸಿಂಗಪುರ, ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಗೇಮ್. ಅಂಕ 6.5–6.5. ಡಿಂಗ್ ಬಿಳಿ; ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ; ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಕಾದು ಕೂತರೆ ಡ್ರಾ. ಐವತ್ತೈದನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಎಕ್ಸ್‌ಚೇಂಜ್‌ಗೆ ಒಡ್ಡಿದರು. ನೋಡಿದವರಿಗೆ ಸಹಜ ಎನಿಸುವ ನಡೆ. ಆದರೆ ಅವರ ಒಂಟೆ ಎ8ರ ಮೂಲೆಯಲ್ಲಿತ್ತು, ಮೂಲೆಯಿಂದ ಹೊರಡುವುದು ಒಂದೇ ಕರ್ಣ. ಆನೆಗಳು ಇಳಿದ ಮೇಲೆ ಗುಕೇಶ್ ಆ ಕರ್ಣದ ಮೇಲೆ ಡಿ5ರಲ್ಲಿ ತಮ್ಮ ಒಂಟೆ ಇಟ್ಟರು. ತಪ್ಪಿಸಿಕೊಳ್ಳಲು ಮನೆಯೇ ಇಲ್ಲ, ಒಂಟೆಗಳೂ ಇಳಿದವು. ಬರೀ ರಾಜ-ಕಾಲಾಳುಗಳ ಆಟದಲ್ಲಿ ಆ ಒಂದು ಕಾಲಾಳು ಗೆಲುವು. ಐವತ್ತೆಂಟನೇ ನಡೆಗೆ ಗುಕೇಶ್ ವಿಶ್ವ ಚಾಂಪಿಯನ್. ಕಾಲಾಳು ಕಡಿಮೆ ಇರುವವರು ಕಾಲಾಳುಗಳನ್ನು ಬದಲಿಸಿಕೊಳ್ಳಬೇಕು, ದೊಡ್ಡ ಕಾಯಿಗಳನ್ನಲ್ಲ. ಇದು ಕೋಚಿಂಗ್ ತರಗತಿಯ ಮೊದಲ ವರ್ಷದ ಪಾಠ. ನಾಲ್ಕು ಗಂಟೆ ಕೂತು ದಣಿದಾಗ ಮೊದಲು ಮರೆಯುವುದೂ ಅದೇ.

ಆನೆಗಳ ಎಂಡ್‌ಗೇಮ್ ತನಕ ಎಳೆದು ತಂದು ಅಲ್ಲಿ ಸೋಲುವವರದು ಬೇರೆ ಪಂಗಡ. ಇವರಿಗೆ ಒಂದು ಕಾಲಾಳು ಕಡಿಮೆಯಿದ್ದೂ ಡ್ರಾ ಮಾಡಿಕೊಳ್ಳುವ ಫಿಲಿಡೋರ್ ಪೊಸಿಶನ್ ಗೊತ್ತು, ಹೆಸರು ಗೊತ್ತು. ಎದುರಾಳಿಗೆ ಇ5ರಲ್ಲಿ ಕಾಲಾಳು, ಪಕ್ಕದಲ್ಲಿ ರಾಜ. ನಮ್ಮ ರಾಜ ಇ8ರಲ್ಲಿ. ನಮ್ಮ ಆನೆ ಆರನೇ ರ‍್ಯಾಂಕ್‌ನಲ್ಲಿ ನಿಂತು ಅವನ ರಾಜ ಮುಂದೆ ಬರದಂತೆ ತಡೆಯಬೇಕು. ಕಾಲಾಳು ಇ6ಕ್ಕೆ ಬಂದ ಮರುಕ್ಷಣ ಆನೆ ಸೀದಾ ಒಂದನೇ ರ‍್ಯಾಂಕ್‌ಗೆ ಇಳಿದು ಹಿಂದಿನಿಂದ ಚೆಕ್ ಕೊಡಬೇಕು. ಕಾಲಾಳಿನ ಮರೆ ಇಲ್ಲವಾದ್ದರಿಂದ ರಾಜನಿಗೆ ಅಡಗುವ ಜಾಗವಿಲ್ಲ. ಎಡವಟ್ಟಾಗುವುದು ಎರಡೇ ಕಡೆ. ಒಬ್ಬರು ಕೈ ತಡೆಯಲಾರದೆ ಕಾಲಾಳು ಬರುವ ಮುಂಚೆಯೇ ಚೆಕ್ ಕೊಡಲು ಹೊರಡುತ್ತಾರೆ, ಆರನೇ ರ‍್ಯಾಂಕ್ ಬಾಗಿಲು ತೆರೆದುಕೊಳ್ಳುತ್ತದೆ. ಇನ್ನೊಬ್ಬರು ಹೆದರಿ ಆನೆಯನ್ನು ಎಂಟನೇ ರ‍್ಯಾಂಕ್‌ನಲ್ಲಿ ರಾಜನ ಪಕ್ಕ ಕಾವಲಿಗೆ ನಿಲ್ಲಿಸುತ್ತಾರೆ. ಈ ಕಾವಲು ಎ, ಬಿ, ಜಿ, ಎಚ್ ಫೈಲ್‌ಗಳ ಕಾಲಾಳಿನ ಎದುರು ನಡೆಯುತ್ತದೆ. ನಡುವಿನ ನಾಲ್ಕು ಫೈಲ್‌ಗಳ ಎದುರು ನಡೆಯುವುದಿಲ್ಲ.

ಎಂಜಿನ್‌ಗೆ ಎಂದೂ ಅರ್ಥವಾಗದ ತಪ್ಪೊಂದಿದೆ. ಒಂಟೆ ಆಡಬೇಕೆಂದು ಹತ್ತು ನಿಮಿಷ ಲೆಕ್ಕ ಹಾಕಿ, ಕೈ ಹೋಗಿ ಪಕ್ಕದ ಆನೆಯನ್ನು ಎತ್ತಿರುತ್ತದೆ. ಮುಟ್ಟಿದ ಕಾಯಿ ಆಡಲೇಬೇಕು. "ಅಡ್ಜಸ್ಟ್" ಎಂದು ಮುಂಚೆ ಹೇಳಿದ್ದರೆ ಮಾತು ಬೇರೆ, ಎತ್ತಿದ ಮೇಲೆ ಹೇಳಿದರೆ ಆರ್ಬಿಟರ್ (ತೀರ್ಪುಗಾರರು) ನಗುತ್ತಾರೆ. ಮನೆಯಲ್ಲಿ ಆ ಆನೆಯ ನಡೆಗೆ ಸ್ಟಾಕ್‌ಫಿಶ್ ಎಂಬ ಎಂಜಿನ್ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹಿಂದಿನ ಉದ್ದೇಶ ಏನಿರಬಹುದೆಂಬ ಗೋಜಿಗೇ ಹೋಗುವುದಿಲ್ಲ. ಇಂಥ ನಡೆಗೆ ಶೀಟ್‌ನಲ್ಲೇ "ಕೈ" ಎಂದು ಗುರುತು ಹಾಕಿಡಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ನೋಡುವಾಗ ಅದರ ಹಿಂದೊಂದು ಆಳವಾದ ಯೋಜನೆ ಇತ್ತೆಂದು ನೀವೇ ನಂಬಿಬಿಡುತ್ತೀರಿ.

ಗೇಮ್ ಮುಗಿದು ಇಬ್ಬರೂ ಸಹಿ ಹಾಕಿದ ಮೇಲೆ ಹಾಲ್‌ನ ಹೊರಗೆ ಎದುರಾಳಿಯೊಂದಿಗೇ ಕೂತು ಆಟವನ್ನು ಮತ್ತೆ ಹಾಕುವ ಪದ್ಧತಿಯಿದೆ. ಈಗ ಎಲ್ಲರೂ ಫೋನ್ ತೆಗೆದುಕೊಳ್ಳಲು ಓಡುವುದರಿಂದ ಇದು ಕಡಿಮೆಯಾಗುತ್ತಿದೆ. ನನ್ನ ಪ್ರಕಾರ ದೊಡ್ಡ ನಷ್ಟ. ಅಲ್ಲಿ ಸೋತವರು ಮಾಡುವ ತಪ್ಪು "ಇಲ್ಲಿ ನಾನು ಹೀಗೆ ಆಡಿದ್ದರೆ?" ಎಂದು ಕೇಳುತ್ತಾ ಹೋಗುವುದು. ಉತ್ತರ ಸಿದ್ಧವಿರುತ್ತದೆ: "ಅದಕ್ಕೆ ಕುದುರೆ ಎಫ್4 ಇತ್ತು ಅಂಕಲ್, ಆಮೇಲೆ ರಾಣಿ ಜಿ5, ನೀವು ಎಚ್1ಗೆ ಹೋಗ್ತೀರ, ನಾನು ಆನೆ ಇ2." ಎಂಟು ನಡೆ ಬಾಯಿಪಾಠ. ಕೇಳಬೇಕಾದದ್ದು ಬೇರೆ ಪ್ರಶ್ನೆ: "ಯಾವ ನಡೆಗೆ ನೀನು ಹೆದರಿದ್ದೆ?" ಮಗು ನಿಜ ಹೇಳಿಬಿಡುತ್ತದೆ, ತಂದೆ ಕಣ್ಣು ಬಿಟ್ಟರೂ. "ಹದಿನೆಂಟರಲ್ಲಿ ಡಿ5 ನೂಕ್ತೀರ ಅಂದ್ಕೊಂಡಿದ್ದೆ" ಎಂಬ ಒಂದು ವಾಕ್ಯ ಯಾವ ಎಂಜಿನ್‌ನಿಂದಲೂ ಸಿಗುವುದಿಲ್ಲ. ಆ ಡಿ5 ನಿಮ್ಮ ತಲೆಗೇ ಬಂದಿರಲಿಲ್ಲ ಎಂಬುದನ್ನು ಅಲ್ಲಿ ಹೇಳಬೇಕಾಗಿಲ್ಲ.

ಎಂಜಿನ್ ಬೇಡವೆಂದಲ್ಲ, ಎರಡನೆಯದಾಗಿ ಬರಲಿ. ಮೊದಲು ಅರ್ಧ ಗಂಟೆ ಮರದ ಬೋರ್ಡ್, ಪೆನ್ಸಿಲ್: ಎಲ್ಲಿ ಆಟ ತಿರುಗಿತೆಂದು ನಿಮಗನಿಸುವ ಮೂರು ಜಾಗ ಗುರುತಿಸಿ, ಅಲ್ಲಿ ಆಡುವಾಗ ಯಾವ ಯಾವ ನಡೆ ಕಂಡಿತ್ತು ಎಂದು ಬರೆಯಿರಿ. ಅದೇ ರಾತ್ರಿ ಬರೆಯಬೇಕು, ಎರಡು ದಿನ ಬಿಟ್ಟರೆ ಕಂಡಿರದದ್ದೂ ಕಂಡಿತ್ತೆನಿಸುತ್ತದೆ. ಆಮೇಲೆ ಎಂಜಿನ್ ಹಚ್ಚಿ, ಒಂದರ ಬದಲು ಮೂರು ದಾರಿ ತೋರಿಸುವಂತೆ ಇಟ್ಟುಕೊಳ್ಳಿ. ಮೊದಲನೆಯದು ಮಾತ್ರ ಗೆದ್ದು ಉಳಿದೆರಡು ಸೋತರೆ ಅದು ಲೆಕ್ಕದ ಜಾಗ; ಮೂರೂ ಹೆಚ್ಚುಕಡಿಮೆ ಒಂದೇ ಆದರೆ ಅಲ್ಲಿ ತಲೆ ಕೆಡಿಸಿಕೊಂಡದ್ದೇ ತಪ್ಪು. ಎಂಜಿನ್ ತೋರಿಸುವ ಸಂಖ್ಯೆಗಳ ವಿಷಯದಲ್ಲೂ ಒಂದು ಎಚ್ಚರ. +1.00 ಎಂದರೆ ಒಂದು ಕಾಲಾಳು ಹೆಚ್ಚು ಎಂದು ಓದುವವರು ಇನ್ನೂ ಇದ್ದಾರೆ. 2022ರ ಕೊನೆಗೆ ಬಂದ ಸ್ಟಾಕ್‌ಫಿಶ್ 15.1ರಿಂದ ಅದರ ಅರ್ಥ, ಎಂಜಿನ್‌ಗಳ ನಡುವಿನ ಆಟದಲ್ಲಿ ಗೆಲ್ಲುವ ಸಾಧ್ಯತೆ ಶೇ 50. ನಾವು ಎಂಜಿನ್‌ಗಳಲ್ಲ. 1500ರ ಮಟ್ಟದಲ್ಲಿ 0.4ರ ಏರಿಳಿತಕ್ಕೆ ನಿದ್ದೆ ಕೆಡುವುದು ದಂಡ.

ಇನ್ನು ನಡೆಗಳು ಎಂಜಿನ್‌ನ ಆಯ್ಕೆಗೆ ಎಷ್ಟು ಹತ್ತಿರವೆಂದು ತೋರಿಸುವ ಆ "ಅಕ್ಯುರೆಸಿ ಶೇ 91" ಎಂಬ ಸಾಲು. ಸೋತ ಆಟದ ಆ ಸ್ಕ್ರೀನ್‌ಶಾಟ್ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿ, ಚಿಕ್ಕಮ್ಮನಿಂದ "ಕಂಗ್ರಾಟ್ಸ್ ಪುಟ್ಟಾ" ಬಂದಿರುತ್ತದೆ. ನಲವತ್ತು ನಡೆಗಳಲ್ಲಿ ಹನ್ನೆರಡು ಬಾಯಿಪಾಠದ ಓಪನಿಂಗ್, ಹತ್ತು ಬೇರೆ ದಾರಿಯೇ ಇಲ್ಲದ ನಡೆ: ಹೊಡೆದರೆ ತಿರುಗಿ ಹೊಡೆಯುವುದು, ಚೆಕ್ ಬಂದರೆ ರಾಜ ಸರಿಯುವುದು. ಇವೆಲ್ಲ ನೂರಕ್ಕೆ ನೂರು. ಉಳಿದ ಹದಿನೆಂಟರಲ್ಲಿ ನಿಮ್ಮ ನಿಜವಾದ ಅಂಕ ಎಷ್ಟೆಂದು ಚಿಕ್ಕಮ್ಮನಿಗೆ ಹೇಳುವುದು ಬೇಡ.

ಕೈಚೆಲ್ಲಿದ ಜಾಗವನ್ನು ಮಾತ್ರ ತಪ್ಪದೆ ಎಂಜಿನ್‌ಗೆ ಹಾಕಿ. ದೊಡ್ಡ ಎದುರಾಳಿ ಆತ್ಮವಿಶ್ವಾಸದಿಂದ ಆಡಿದ ಎಂಬ ಒಂದೇ ಕಾರಣಕ್ಕೆ ಶರಣಾಗುವುದು ಈ ಅಂತರದ ಆಟಗಳ ಮಾಮೂಲಿ ಕಾಯಿಲೆ. 1997ರ ಮೇನಲ್ಲಿ ನ್ಯೂಯಾರ್ಕ್‌ನಲ್ಲಿ ಡೀಪ್ ಬ್ಲೂ ಎಂಬ ಚೆಸ್ ಕಂಪ್ಯೂಟರ್ ಎದುರಿನ ಎರಡನೇ ಗೇಮ್‌ನಲ್ಲಿ ಕಾಸ್ಪರೋವ್ ಕೈಚೆಲ್ಲಿದರು. ರಾಣಿಯನ್ನು ಇ3ಕ್ಕೆ ತಂದು ನಿರಂತರ ಚೆಕ್‌ ಕೊಟ್ಟು ಡ್ರಾಗೆ ಪ್ರಯತ್ನಿಸುವ ದಾರಿಯಿತ್ತೆಂದು ಆಮೇಲೆ ವಿಶ್ಲೇಷಕರು ತೋರಿಸಿದರು. ಯಂತ್ರ ಎಲ್ಲವನ್ನೂ ಲೆಕ್ಕ ಹಾಕಿಯೇ ಇರುತ್ತದೆಂಬ ನಂಬಿಕೆ ಅವರದು. ಮಂಡಿಯೂರಿ ಕೂತ ಮಗು ಎಲ್ಲವನ್ನೂ ಲೆಕ್ಕ ಹಾಕಿಯೇ ಇರುತ್ತದೆಂಬುದು ನಮ್ಮದು.

ಕೊನೆಗೆ ನೋಟ್‌ಬುಕ್‌ನಲ್ಲಿ ಒಂದು ಸಾಲು. "ಇನ್ನು ಮುಂದೆ ನಿಧಾನವಾಗಿ ಯೋಚಿಸಬೇಕು", "ಟೈಮ್ ಟ್ರಬಲ್ ತಪ್ಪಿಸಬೇಕು" ಇಂಥವು ಹೊಸ ವರ್ಷದ ಡೈರಿಗೆ. ಬೋರ್ಡ್ ಮೇಲೆ ಕೆಲಸಕ್ಕೆ ಬರುವ ಸಾಲು ಹೀಗಿರುತ್ತದೆ: "ಡಿ4 ಒಂಟಿ ಇದ್ದಾಗ ಇ5ರ ಕುದುರೆಯನ್ನು ಕೊಡಬಾರದು, ಅವನೇ ಕಟ್ ಮಾಡಲು ಬಂದರೆ ಇನ್ನೊಂದು ಕುದುರೆ ಎಫ್3ರಲ್ಲಿ ರೆಡಿ ಇರಲಿ." ಪಕ್ಕದಲ್ಲಿ ತಾರೀಕು, ಎದುರಾಳಿಯ ರೇಟಿಂಗ್, ಆ ನಡೆಗೆ ಕೊಟ್ಟ ನಲವತ್ತು ಸೆಕೆಂಡ್. ಎದುರಾಳಿಯ ವಯಸ್ಸು ಬರೆಯುವುದು ಕಡ್ಡಾಯವಲ್ಲ.