ರಿಗ್ರೆಶನ್ ಪಾಠದಲ್ಲಿ ಪಿ-ವ್ಯಾಲ್ಯೂ ಬಿಟ್ಟು ಕಾನ್ಫಿಡೆನ್ಸ್ ಇಂಟರ್ವಲ್ ಮಾತ್ರ ಕಲಿಸಿದರೆ ಸಾಕಾ?

ಪರ

ಸಾಕು. ರಿಗ್ರೆಶನ್ (ಒಂದು ಅಳತೆಯನ್ನು ಬೇರೆ ಅಳತೆಗಳಿಂದ ಅಂದಾಜು ಮಾಡುವ ವಿಧಾನ) ಟೇಬಲ್ ಸಿಕ್ಕ ಕೂಡಲೇ ಹೊಸಬರ ಕಣ್ಣು ಹೋಗುವುದು ಪಿ-ವ್ಯಾಲ್ಯೂ ಪಕ್ಕದ ನಕ್ಷತ್ರಗಳ ಮೇಲೆ. ಪಿ-ವ್ಯಾಲ್ಯೂ ಅಂದರೆ ನಿಜವಾಗಿ ಪರಿಣಾಮ ಸೊನ್ನೆ ಇದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಫಲಿತಾಂಶ ಬರುವ ಸಾಧ್ಯತೆ; ಅದು ಚಿಕ್ಕದಿದ್ದರೆ ಪಕ್ಕದಲ್ಲಿ ನಕ್ಷತ್ರ ಹಾಕಿರುತ್ತಾರೆ. 0.05ಕ್ಕಿಂತ ಕಡಿಮೆ ಇದ್ದರೆ ಪರಿಣಾಮ ಇದೆ, ಜಾಸ್ತಿ ಇದ್ದರೆ ಇಲ್ಲ. ಅಲ್ಲಿಗೆ ಮುಗಿಯಿತು. ಎಷ್ಟು ಪರಿಣಾಮ ಅಂತ ಯಾರೂ ಕೇಳುವುದಿಲ್ಲ.

ಪರೀಕ್ಷೆಯ ಅಂಕವನ್ನು ಓದಿದ ಗಂಟೆ, ನಿದ್ದೆಯ ಗಂಟೆ ಎರಡರಿಂದ ಅಂದಾಜು ಮಾಡುತ್ತಿದ್ದೀರಿ ಅಂದುಕೊಳ್ಳಿ. ಓದಿನ ಕೋಎಫಿಶಿಯೆಂಟ್ (ಒಂದು ಗಂಟೆ ಹೆಚ್ಚು ಓದಿಗೆ ಅಂಕದಲ್ಲಿ ಕಾಣುವ ವ್ಯತ್ಯಾಸದ ಅಂದಾಜು) 2.1, ಸ್ಟ್ಯಾಂಡರ್ಡ್ ಎರರ್ (ಆ ಅಂದಾಜು ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಎಷ್ಟು ಏರುಪೇರಾಗಬಹುದು ಅನ್ನುವ ಅಳತೆ) 0.8. ಸ್ಯಾಂಪಲ್ ದೊಡ್ಡದಿದ್ದರೆ 95% ಕಾನ್ಫಿಡೆನ್ಸ್ ಇಂಟರ್ವಲ್ (ಡೇಟಾಕ್ಕೆ ಹೊಂದುವ ಬೆಲೆಗಳ ವ್ಯಾಪ್ತಿ) ಸುಮಾರು 0.5ರಿಂದ 3.7. ಅಂದರೆ ಅಷ್ಟೇ ನಿದ್ದೆ ಮಾಡುವವರಲ್ಲಿ ಒಂದು ಗಂಟೆ ಹೆಚ್ಚು ಓದಿದವರ ಅಂಕ ಸರಾಸರಿ ಅರ್ಧ ಅಂಕದಷ್ಟೇ ಜಾಸ್ತಿ ಇರಬಹುದು, ಮೂರೂವರೆ ದಾಟಿಯೂ ಇರಬಹುದು. ಈ ಅನಿಶ್ಚಿತತೆಯನ್ನು ನಕ್ಷತ್ರ ಹೇಳುವುದಿಲ್ಲ.

ಇನ್ನು −0.2ರಿಂದ 6 ಮತ್ತು −0.1ರಿಂದ 0.1, ಈ ಎರಡು ಇಂಟರ್ವಲ್ ನೋಡಿ. ಎರಡರಲ್ಲೂ ಸೊನ್ನೆ ಇದೆ, ಎರಡಕ್ಕೂ ಪಿ-ವ್ಯಾಲ್ಯೂ 0.05ಕ್ಕಿಂತ ಜಾಸ್ತಿ. ಆದರೆ ಮೊದಲನೆಯದಕ್ಕೆ ಇನ್ನೂ ಡೇಟಾ ಬೇಕು, ಎರಡನೆಯದರಲ್ಲಿ ಪರಿಣಾಮ ಇದ್ದರೂ ತೀರಾ ಸಣ್ಣದು. ಎರಡನ್ನೂ ಸುಮ್ನೆ 'ಪರಿಣಾಮ ಇಲ್ಲ' ಅಂತ ಒಂದೇ ಕಡೆ ಹಾಕುವುದು ದೊಡ್ಡ ತಪ್ಪು. ಅದೂ ಅಲ್ಲದೆ 95% ಇಂಟರ್ವಲ್‌ನಿಂದ ಸೊನ್ನೆ ಹೊರಗಿದ್ದರೆ ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಅಂತ ಗೊತ್ತಾಗಿಯೇ ಬಿಡುತ್ತದೆ, ಅಲ್ವಾ? ಹಾಗಾದರೆ ಕಳೆದುಕೊಂಡಿದ್ದೇನು?

ವಿರೋಧ

ಸಾಲದು. ಇಂಟರ್ವಲ್ ಅರ್ಥ ಮಾಡಿಕೊಳ್ಳುವುದು ಸುಲಭ ಅನ್ನುವುದೇ ತಪ್ಪು. '0.5ರಿಂದ 3.7ರ ಒಳಗೆ ನಿಜವಾದ ಬೆಲೆ ಇರುವ ಸಾಧ್ಯತೆ 95%' ಅಂತಲೇ ಹೆಚ್ಚಿನವರು ಓದುತ್ತಾರೆ. ಈ ಇಂಟರ್ವಲ್ ವಿಧಾನ ರೂಪಿಸಿದ ಸಂಖ್ಯಾಶಾಸ್ತ್ರಜ್ಞ ನೇಮನ್ 1937ರಲ್ಲಿ ಹೇಳಿದ್ದು ಅದಲ್ಲ. ಮತ್ತೆ ಮತ್ತೆ ಸ್ಯಾಂಪಲ್ ತೆಗೆದು ಇದೇ ವಿಧಾನದಲ್ಲಿ ಇಂಟರ್ವಲ್ ಕಟ್ಟುತ್ತಾ ಹೋದರೆ ಅವುಗಳಲ್ಲಿ 95% ನಿಜವಾದ ಬೆಲೆಯನ್ನು ಹಿಡಿಯುತ್ತವೆ. ಆ 95% ವಿಧಾನದ್ದು, ಕೈಯಲ್ಲಿರುವ ಈ ಒಂದು ಇಂಟರ್ವಲ್‌ನದಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಮಲ್ಟಿಪಲ್ ರಿಗ್ರೆಶನ್‌ನಲ್ಲೇ, ಅಂದರೆ ಒಂದಕ್ಕಿಂತ ಹೆಚ್ಚು ವೇರಿಯೇಬಲ್‌ಗಳಿಂದ ಅಂದಾಜು ಮಾಡುವಾಗಲೇ ಇದೆ. ತೂಕವನ್ನು ಎತ್ತರ ಮತ್ತು ಕಾಲಿನ ಉದ್ದದಿಂದ ಅಂದಾಜು ಮಾಡಿ ನೋಡಿ. ಎತ್ತರ ಇರುವವರ ಕಾಲೂ ಉದ್ದ. ಕಾಲಿನ ಉದ್ದ ಒಂದೇ ಇದ್ದು ಎತ್ತರದಲ್ಲಿ ಮಾತ್ರ ತುಂಬಾ ವ್ಯತ್ಯಾಸ ಇರುವ ಜನ ಡೇಟಾದಲ್ಲಿ ಸಿಗುವುದೇ ಕಡಿಮೆ, ಹಾಗಾಗಿ ಯಾವುದರ ಪಾಲು ಎಷ್ಟು ಅಂತ ಬಿಡಿಸಲು ಮಾಡೆಲ್‌ಗೆ ಆಗುವುದಿಲ್ಲ, ಸ್ಟ್ಯಾಂಡರ್ಡ್ ಎರರ್ ಉಬ್ಬುತ್ತದೆ, ಎರಡೂ ಇಂಟರ್ವಲ್ ಸೊನ್ನೆಯ ಎರಡೂ ಕಡೆ ಚಾಚಿಕೊಳ್ಳಬಹುದು. ಒಂದೊಂದನ್ನೇ ನೋಡಿದವರಿಗೆ ಎರಡೂ ಪ್ರಯೋಜನವಿಲ್ಲದವು ಅನ್ನಿಸುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಪರೀಕ್ಷಿಸುವ ಎಫ್ ಟೆಸ್ಟ್‌ನ ಪಿ-ವ್ಯಾಲ್ಯೂ ತೀರಾ ಚಿಕ್ಕದಿರಬಹುದು. ಅದನ್ನು ಓದಲು ಕಲಿಯದವರು ತೂಕದ ಬಗ್ಗೆ ಅಷ್ಟೆಲ್ಲ ಹೇಳುತ್ತಿದ್ದ ಎರಡೂ ವೇರಿಯೇಬಲ್‌ಗಳನ್ನು ಒಟ್ಟಿಗೇ ಕಿತ್ತುಹಾಕುತ್ತಾರೆ.