ಹೆದ್ದಾರಿ 66ರಲ್ಲಿ ದೇವರ ಸಹಿ

ಮೊನ್ನೆ ಭಾನುವಾರ ಉಡುಪಿಯ ಒಂದು ಸಭಾಭವನದಲ್ಲಿ ದೇವರನ್ನು ಕ್ಯಾಲ್ಕುಲೇಟರಿನಲ್ಲಿ ಹಿಡಿದುಕೊಟ್ಟರು. ಪ್ರವೇಶ ಉಚಿತ, ಕೊನೆಗೆ ಉಪಾಹಾರ ಉಂಟು ಎಂದು ಆಮಂತ್ರಣದಲ್ಲಿತ್ತು. ಮಂಗಳೂರಿನಿಂದ ನನ್ನನ್ನು ಕಾರಿಗೆ ಹತ್ತಿಸಿಕೊಂಡು ಹೋದದ್ದು ನನ್ನ ಭಾವ. ಅವರು ಹೋದದ್ದು ದೇವರಿಗಾಗಿ, ನಾನು ಹೋದದ್ದು ಗೋಳಿಬಜೆಗಾಗಿ. ಹಾಗಾಗಿ ಇಬ್ಬರಿಗೂ ಬೇಸರವಾಗಲಿಲ್ಲ.

ಬ್ರಹ್ಮಾಂಡದಲ್ಲಿ ಇಷ್ಟೊಂದು ಕಾಕತಾಳೀಯಗಳಿವೆಯಲ್ಲ, ಇವೇ ಸೃಷ್ಟಿಕರ್ತನಿಗೆ ಸಾಕ್ಷಿ ಎಂಬುದು ವಿಷಯ. ನಮ್ಮ ಹಿರಿಯರು ತಾಳೆಮರದ ಮೇಲೆ ಒಂದು ಕಾಗೆ ಕೂರಿಸಿ, ಹಣ್ಣೊಂದು ಬೀಳಿಸಿ, ಈ ವಿಷಯವನ್ನು ಒಂದೇ ಶಬ್ದದಲ್ಲಿ ಮುಗಿಸಿದ್ದರು. ಈಗ ಕಾಗೆಗೆ ಪ್ರೊಜೆಕ್ಟರ್ ಬಂದಿದೆ.

ಉಪನ್ಯಾಸಕರ ಹೆಸರು ಬೇಡ. ಒಳ್ಳೆಯ ಮನುಷ್ಯ, ಅದಕ್ಕಿಂತ ಒಳ್ಳೆಯ ಕಂಠ. ಶುರು ಮಾಡಿದ್ದು 108ರಿಂದ.

"ಭೂಮಿಯನ್ನು ಸಾಲಾಗಿ ಇಡುತ್ತಾ ಹೋದರೆ ಸೂರ್ಯನ ಅಗಲಕ್ಕೆ ಎಷ್ಟು ಭೂಮಿ ಬೇಕು? 108. ಸೂರ್ಯನನ್ನೇ ಸಾಲಾಗಿ ಇಟ್ಟರೆ ನಮ್ಮವರೆಗೆ ಎಷ್ಟು? 108. ಚಂದ್ರನನ್ನು ಇಟ್ಟರೆ? ಅದೂ 108. ಜಪಮಾಲೆಯಲ್ಲಿ ಎಷ್ಟು ಮಣಿ?"

"108!" ಎಂದಿತು ಸಭೆ.

"ಆಂಬ್ಯುಲೆನ್ಸಿಗೂ ಅದೇ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಸೇರಿಸಿದರು.

ನನಗೆ ಒಂದು ಕೆಟ್ಟ ಚಾಳಿ ಉಂಟು. ಹೋಟೆಲಿನ ಬಿಲ್ಲನ್ನು ಮತ್ತೊಮ್ಮೆ ಕೂಡಿಸಿ ನೋಡುತ್ತೇನೆ. ಇಲ್ಲೂ ಸುಮ್ನೆ ಮೊಬೈಲ್ ತೆಗೆದೆ. ಸೂರ್ಯನ ಅಗಲ ಸುಮಾರು 13,92,000 ಕಿ.ಮೀ., ಭೂಮಿಯದ್ದು 12,742. ಭಾಗಿಸಿದರೆ 109. ಸೂರ್ಯನ ಸರಾಸರಿ ದೂರ 14.96 ಕೋಟಿ ಕಿ.ಮೀ., ಅದನ್ನು ಸೂರ್ಯನ ಅಗಲದಿಂದ ಭಾಗಿಸಿದರೆ ನೂರ ಏಳೂವರೆ. ಚಂದ್ರನದು 3,84,400ಕ್ಕೆ 3,474. ನೂರ ಹತ್ತೂವರೆಗಿಂತ ಸ್ವಲ್ಪ ಜಾಸ್ತಿ. ಮೂರು ಲೆಕ್ಕ, ಮೂರರಲ್ಲಿ ಒಂದೂ 108 ಅಲ್ಲ. ಹತ್ತಿರ ಹತ್ತಿರ ಹೌದು, ಒಪ್ಪಿದೆ. ಆದರೆ ನಮ್ಮ ಅತ್ತೆಗೆ ಜಪದಲ್ಲಿ ಒಂದು ಮಣಿ ತಪ್ಪಿದರೆ ಪುನಃ ಮೊದಲಿಂದ ಎಣಿಸಬೇಕು. ಅವರಿಗಿರುವ ಶಿಸ್ತು ಬ್ರಹ್ಮಾಂಡಕ್ಕೆ ಬೇಡವಾ?

ಚಂದ್ರನಂತೂ ಒಂದು ದೂರದಲ್ಲಿ ನಿಲ್ಲುವವನೇ ಅಲ್ಲ. ಒಮ್ಮೆ 3.63 ಲಕ್ಷ ಕಿ.ಮೀ. ಹತ್ತಿರ ಬರುತ್ತಾನೆ, ಒಮ್ಮೆ 4.05 ಲಕ್ಷ ಕಿ.ಮೀ. ದೂರ ಹೋಗುತ್ತಾನೆ. ಅಂದರೆ ಅವನ ಲೆಕ್ಕ 104ರಿಂದ 116ರವರೆಗೆ ಓಡಾಡುತ್ತಿರುತ್ತದೆ. ನಡುವೆ ತಿಂಗಳಿಗೆ ಎರಡು ಸಲ 108ನ್ನು ದಾಟುತ್ತಾನೆ, ಎಕ್ಸ್‌ಪ್ರೆಸ್ ಬಸ್ಸು ಪಡುಬಿದ್ರಿ ದಾಟಿದ ಹಾಗೆ. ಪಡುಬಿದ್ರಿಯವರು ಬೇಕಾದರೆ ಬಸ್ಸು ಹೊರಟದ್ದೇ ನಮಗಾಗಿ ಅಂದುಕೊಳ್ಳಬಹುದು.

ಮುಂದಿನ ಸ್ಲೈಡು ಗ್ರಹಣದ್ದು. ಇದು ನಿಜಕ್ಕೂ ಚಂದದ ವಿಷಯ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವ, ದೂರವೂ ಸುಮಾರು 400 ಪಟ್ಟು. ಹಾಗಾಗಿ ಆಕಾಶದಲ್ಲಿ ಇಬ್ಬರೂ ಒಂದೇ ಅಳತೆಯವರಂತೆ ಕಾಣುತ್ತಾರೆ. "ಪಾತ್ರೆಗೆ ಮುಚ್ಚಳ ಕೂತ ಹಾಗೆ ಕೂರುತ್ತದೆ. ಅಳತೆ ತೆಗೆದವರು ಯಾರು?" ಎಂದು ಉಪನ್ಯಾಸಕರು ಸ್ವರ ಏರಿಸಿದರು. ಭಾವ ನನ್ನ ಮೊಣಕೈಗೆ ತಿವಿದರು. "ಎಂತ ಭಾವ, ಇದಕ್ಕೆಂತ ಹೇಳ್ತೀರಿ?"

ನಾನು ಹೇಳಬೇಕಾದದ್ದು ಏನೂ ಇರಲಿಲ್ಲ, ಅವರೇ ನೋಡಿದ್ದರು. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಕಂಕಣ ಗ್ರಹಣ. ನಾನೂ ಭಾವನೂ ತಾರಸಿಯಲ್ಲಿ ಗ್ರಹಣದ ಕನ್ನಡಕ ಹಾಕಿಕೊಂಡು ನಿಂತಿದ್ದೆವು. ಕೆಳಗೆ ರಸ್ತೆಯಲ್ಲಿ ಒಂದು ಆಟೋ ಇಲ್ಲ. ಒಂಬತ್ತೂಕಾಲು ದಾಟಿದ ಮೇಲೆ ಚಂದ್ರ ಸರಿಯಾಗಿ ನಡುವೆ ಬಂದು ನಿಂತ. ಸುತ್ತ ಬಳೆಯ ಹಾಗೆ ಸೂರ್ಯ ಉಳಿದೇಹೋದ. ಅಂದರೆ ನಮ್ಮ ಊರಿನ ಪಾಲಿಗೆ ಮುಚ್ಚಳ ಸಣ್ಣದಾಗಿತ್ತು. ಇದೇನು ಅಪರೂಪದ ಎಡವಟ್ಟೂ ಅಲ್ಲ. ಈ ಶತಮಾನದಲ್ಲಿ ಪೂರ್ಣ ಸೂರ್ಯಗ್ರಹಣ 68, ಕಂಕಣ ಗ್ರಹಣ 72. ಮುಚ್ಚಳ ಕೂತದ್ದಕ್ಕಿಂತ ಕೂರದೇ ಇದ್ದದ್ದೇ ಹೆಚ್ಚು. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಲೂ ಇದ್ದಾನೆ. ಅಪೋಲೊದವರು ಅಲ್ಲಿ ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟು ಅಳೆದಿದ್ದಾರೆ. ಹೀಗೇ ಹೋದರೆ ಸುಮಾರು 60 ಕೋಟಿ ವರ್ಷದ ನಂತರ ಪೂರ್ಣ ಗ್ರಹಣವೇ ಇಲ್ಲ. ಪುರಾವೆಗೂ ಎಕ್ಸ್‌ಪೈರಿ ಡೇಟ್ ಇರುತ್ತದೆ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಬಂತು ಪಿರಮಿಡ್ಡು. ಉಡುಪಿಗೆ ಈಜಿಪ್ಟ್ ಹೇಗೆ ಬಂತು ಎಂದು ಕೇಳಬೇಡಿ. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಗೀಜಾದ ದೊಡ್ಡ ಪಿರಮಿಡ್ಡಿನ ಅಕ್ಷಾಂಶ 29.9792458 ಡಿಗ್ರಿ. ಸಭೆಯಲ್ಲಿ "ಹೋ" ಎಂಬ ಉದ್ಗಾರ. ಪಕ್ಕದ ಹೆಂಗಸು ಅದನ್ನು ಚೀಟಿಯಲ್ಲಿ ಬರೆದುಕೊಂಡರು, ಏಳೂ ದಶಾಂಶ ಸಮೇತ.

ಆ ಏಳನೆಯ ದಶಾಂಶ ಎಂದರೆ ನೆಲದ ಮೇಲೆ ಸುಮಾರು ಒಂದು ಸೆಂಟಿಮೀಟರ್. ಪಿರಮಿಡ್ಡಿನ ಒಂದು ಬದಿಯೇ 230 ಮೀಟರ್. ಅದರ ಮೇಲೆ ನಿಮಗೆ ಬೇಕಾದ ಅಕ್ಷಾಂಶ ಹುಡುಕುವುದು, ಪಣಂಬೂರು ಬೀಚಿನಲ್ಲಿ ನಿಮಗೆ ಬೇಕಾದ ಆಕಾರದ ಚಿಪ್ಪು ಹುಡುಕಿದಷ್ಟೇ ಕಷ್ಟ. ಮತ್ತೆ ಈ ಮೀಟರ್ ಯಾರದ್ದು? ಫ್ರೆಂಚರು 1790ರ ದಶಕದಲ್ಲಿ ಭೂಮಿಯನ್ನು ಅಳೆದು ಮಾಡಿಕೊಂಡದ್ದು. ಬೆಳಕಿನ ವೇಗ ಇಷ್ಟೇ ಮೀಟರ್ ಎಂದು ಒಂದು ಅಂತರರಾಷ್ಟ್ರೀಯ ಸಭೆ ಠರಾವು ಮಾಡಿದ್ದು 1983ರಲ್ಲಿ. ಪಿರಮಿಡ್ಡು ಕಟ್ಟಿ ಸುಮಾರು ನಾಲ್ಕೂವರೆ ಸಾವಿರ ವರ್ಷದ ಮೇಲೆ. ಅದೇ ವೇಗವನ್ನು ಗಜದಲ್ಲಿ ಹೇಳಿದರೆ 32.78 ಕೋಟಿ ಚಿಲ್ಲರೆ ಬರುತ್ತದೆ. ಆಗ ಪಿರಮಿಡ್ಡು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಬೇಕು. ಮೈಲಿಯಲ್ಲಿ 1,86,282. ಆಗ ಅದು ಸುಡಾನಿಗೆ ಹೋಗಬೇಕು. ಅಲ್ಲೂ ಪಿರಮಿಡ್ಡುಗಳಿವೆ, ಒಂದು ಹೆಚ್ಚಾದರೆ ತೊಂದರೆ ಇಲ್ಲ.

ಒಂದು ನ್ಯಾಯದ ಮಾತು ಹೇಳಿಬಿಡುತ್ತೇನೆ. ಎಲ್ಲವೂ ಪಿರಮಿಡ್ಡಿನಂಥ ಬೊಗಳೆ ಅಲ್ಲ. ಕೊನೆಯಲ್ಲಿ ಅವರು ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ವಿಷಯ ತೆಗೆದರು, ಅಲ್ಲಿ ನಾನೂ ಬೆನ್ನು ನೆಟ್ಟಗೆ ಮಾಡಿ ಕೂತೆ. ನಕ್ಷತ್ರದ ಹೊಟ್ಟೆಯೊಳಗೆ ಮೂರು ಹೀಲಿಯಂ ಸೇರಿ ಇಂಗಾಲ ಆಗಬೇಕು. ಇಂಗಾಲದ ಪರಮಾಣುಬೀಜಕ್ಕೆ ಒಂದು ನಿರ್ದಿಷ್ಟ ಶಕ್ತಿಯ ಮಟ್ಟ ಇಲ್ಲದಿದ್ದರೆ ಅದು ಬೇಕಾದಷ್ಟು ಆಗುವುದಿಲ್ಲ. ಇಂಗಾಲ ಇಲ್ಲದಿದ್ದರೆ ನಾವಿಲ್ಲ, ಗೋಳಿಬಜೆಯೂ ಇಲ್ಲ. ಹಾಗಾಗಿ ಆ ಮಟ್ಟ ಇದ್ದೇ ಇರಬೇಕು ಎಂದು ಹಾಯ್ಲ್ ಪಟ್ಟು ಹಿಡಿದರು. 1953ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಹುಡುಕಿದರು, ಸಿಕ್ಕಿತು. 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಇದು ನನ್ನ ನಿದ್ದೆಯನ್ನೂ ಸ್ವಲ್ಪ ಕೆಡಿಸುವ ಸಂಖ್ಯೆ. ಹಾಯ್ಲ್ ದೇವರನ್ನು ನಂಬುತ್ತಿರಲಿಲ್ಲ. ಆದರೂ ಮುಂದೆ ಅವರೇ, ಯಾರೋ ಮಹಾಬುದ್ಧಿವಂತ ಭೌತಶಾಸ್ತ್ರದಲ್ಲಿ ಕೈಯಾಡಿಸಿದ ಹಾಗೆ ಕಾಣುತ್ತದೆ ಎಂದರು. ಉಪನ್ಯಾಸಕರು ಈ ಮಾತನ್ನು ದಪ್ಪ ಕೆಂಪು ಅಕ್ಷರದಲ್ಲಿ ತೋರಿಸಿದರು. ಫ್ಲೂ ರೋಗ ಅಂತರಿಕ್ಷದಿಂದ ಉದುರುತ್ತದೆ ಎಂದೂ ಇದೇ ಹಾಯ್ಲ್ ಹೇಳಿದ್ದರು. ಆ ಸ್ಲೈಡು ಇರಲಿಲ್ಲ.

ಉಪಾಹಾರದ ಹೊತ್ತಿಗೆ ನನ್ನ ಪಕ್ಕ ಸಿಕ್ಕಿದ್ದು ಒಬ್ಬರು ನಿವೃತ್ತ ಸಂಸ್ಕೃತ ಮೇಷ್ಟ್ರು, ಭಟ್ರು. ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ, ಬಾಯಿಗೆ ಹಾಕುವ ಮೊದಲೇ ಶುರು ಮಾಡಿದರು.

"ಅಲ್ಲ ಮಾರಾಯ್ರೆ, ರಥಬೀದಿ ಇಲ್ಲಿಂದ ಎಷ್ಟು ದೂರ? ನಡೆದರೆ ಹತ್ತು ನಿಮಿಷ. ಅಲ್ಲಿ ಕೃಷ್ಣನನ್ನು ತಂದು ಇಟ್ಟ ಆಚಾರ್ಯರು ಏಳುನೂರು ವರ್ಷದ ಹಿಂದೆಯೇ ಎಂತ ಹೇಳಿದ್ದಾರೆ ಗೊತ್ತುಂಟಾ? ಸದಾಗಮೈಕವಿಜ್ಞೇಯ. ದೇವರನ್ನು ಶಾಸ್ತ್ರದಿಂದ ಮಾತ್ರ ತಿಳಿಯಬೇಕು. ಬರೀ ಅನುಮಾನದಿಂದ ಆಗುವುದಿಲ್ಲ."

"ನನ್ನದೂ ಅನುಮಾನವೇ ಭಟ್ರೇ," ಎಂದೆ.

"ನಿಮ್ಮ ಅನುಮಾನ ಬೇರೆ. ನಾನು ಹೇಳುವುದು ತರ್ಕದ ಅನುಮಾನ. ಹೊಗೆ ಕಂಡರೆ ಬೆಂಕಿ ಉಂಟು ಅನ್ನುತ್ತೇವಲ್ಲ, ಯಾಕೆ? ಅಡುಗೆಮನೆಯಲ್ಲಿ ಸಾವಿರ ಸಲ ಎರಡನ್ನೂ ಒಟ್ಟಿಗೆ ನೋಡಿದ್ದೇವೆ. ಅಲ್ವಾ?"

ನನಗೂ ಸ್ವಲ್ಪ ವಕೀಲಿಕೆ ಮಾಡುವ ಹುಮ್ಮಸ್ಸು ಬಂತು. "ಹಾಗಾದ್ರೆ ಕೊಟ್ಟೆ ಕಡುಬು ತೆಗೆದುಕೊಳ್ಳಿ. ಕೊಟ್ಟೆ ಇದ್ದ ಮೇಲೆ ಕಟ್ಟಿದವರು ಇರಬೇಕಲ್ಲ? ಹಿಟ್ಟಿಗೆ ಸರಿಯಾಗಿ ಕೂತಿದೆ ಅಂದ ಮೇಲೆ?"

"ಕೊಟ್ಟೆ ಕಟ್ಟುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಅಮ್ಮ ಅಷ್ಟಮಿಯ ಮುನ್ನಾದಿನ ಜಗಲಿಯಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ನಾಲ್ಕು ಹಲಸಿನ ಎಲೆ, ತುದಿಗೆ ತುದಿ ಸೇರಿಸಿ ಕಡ್ಡಿ ಚುಚ್ಚುವುದು, ಬದಿ ಎತ್ತಿ ಪುನಃ ಚುಚ್ಚುವುದು. ಐವತ್ತು, ಅರವತ್ತು ಕಟ್ಟುತ್ತಿದ್ದಳು. ಅದಕ್ಕೆ ಕೊಟ್ಟೆ ಕಂಡರೆ ಕಟ್ಟಿದ ಕೈ ನೆನಪಾಗುತ್ತದೆ. ಬ್ರಹ್ಮಾಂಡ ಕಟ್ಟುವುದನ್ನು ನೀವೆಷ್ಟು ನೋಡಿದ್ದೀರಿ? ಐವತ್ತು? ಅರವತ್ತು?"

ಒಂದೂ ನೋಡಿರಲಿಲ್ಲ. ಭಟ್ರು ಗೋಳಿಬಜೆ ಬಾಯಿಗೆ ಹಾಕಿಕೊಂಡರು. ದಿನಾ ಸಂಧ್ಯಾವಂದನೆ ಮಾಡುವ ಮನುಷ್ಯ ಇವರು. ದೇವರಿಗೆ ದಶಾಂಶದ ಜಾಮೀನು ಬೇಕಾದದ್ದು ಇವರಿಗಲ್ಲ, ಮೊಬೈಲಿನಲ್ಲಿ ಭಕ್ತಿ ಮಾಡುವ ನನ್ನ ಭಾವನಂಥವರಿಗೆ. ಆ ಜಾಮೀನು ಎಷ್ಟು ದಿನ ಬಾಳುತ್ತದೆ ಎನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಉಂಟು. ಕೃಷ್ಣಮಠದ ನವಗ್ರಹ ಕಿಂಡಿಗೆ ಒಂಬತ್ತು ತೂತು. ಒಂಬತ್ತು ಗ್ರಹ ಇರುವುದು ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ಭಾವ ವರ್ಷಗಟ್ಟಲೆ ಹೇಳುತ್ತಿದ್ದರು. ನಮ್ಮ ಒಂಬತ್ತರಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಸೇರಿದ್ದಾರೆ ಎಂದರೆ ಕೇಳುತ್ತಿರಲಿಲ್ಲ. 2006ರಲ್ಲಿ ಪ್ಲೂಟೊವನ್ನು ಪಟ್ಟಿಯಿಂದ ತೆಗೆದರು. ಅವತ್ತಿನಿಂದ ಭಾವ ಆ ವಿಷಯ ಎತ್ತಿಲ್ಲ. ಕಿಂಡಿಗೇನೂ ಆಗಿಲ್ಲ, ಜನ ಅದೇ ಒಂಬತ್ತು ತೂತಿನಲ್ಲಿ ಕೃಷ್ಣನನ್ನು ನೋಡಿ ಕೈ ಮುಗಿದು ಹೋಗುತ್ತಿದ್ದಾರೆ.

ವಾಪಸು ಬರುವಾಗ ಹೆಜಮಾಡಿ ಟೋಲಿನಲ್ಲಿ ಉದ್ದ ಸಾಲು. ಹೊತ್ತು ಹೋಗಬೇಕಲ್ಲ. ಆಮಂತ್ರಣದ ಹಿಂಬದಿಯಲ್ಲಿ ನಾನೇ ಒಂದು ಕಾಕತಾಳೀಯ ತಯಾರಿಸಲು ಕೂತೆ. ಮಂಗಳೂರಿನ ಕೆಎ 19, ಉಡುಪಿಯ ಕೆಎ 20 ಕೂಡಿಸಿದೆ. 39 ಬಂತು, ಏನೂ ಗಿಟ್ಟಲಿಲ್ಲ. ಎರಡೂ ಊರಿನ ಪಿನ್‌ಕೋಡ್ ಕಳೆದೆ, 1100. ಅದೂ ಹೋಯಿತು. ಮಲ್ಪೆಯ ಎದುರಿನ ಸೈಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳಿಗೆ ಸುಮಾರು 8.8 ಕೋಟಿ ವರ್ಷ. ಎಂಟು ಮತ್ತು ಎಂಟು ಹದಿನಾರು, ಉಡುಪಿಯ ಅಷ್ಟಮಠಗಳ ಪರ್ಯಾಯದ ಒಂದು ಸುತ್ತಿಗೂ 16 ವರ್ಷ! ಇದು ಚೆನ್ನಾಗಿ ಕೂತಿತು, ಆದರೆ ಮಠದ ವಿಷಯ, ತಮಾಷೆಗೆ ಬೇಡ ಎಂದು ಹೊಡೆದುಹಾಕಿದೆ. ಬ್ರಹ್ಮಾಂಡದ ವಯಸ್ಸು 13.8 ಶತಕೋಟಿ ವರ್ಷ. ಮರವಂತೆ ದಾಟಿ ಬೈಂದೂರಿಗೆ ಹೋಗುವಾಗ ಎಲ್ಲೋ ಒಂದು ಕಡೆ ಅಕ್ಷಾಂಶವೂ 13.8. ಪರವಾಗಿಲ್ಲ, ಆದರೆ ಆ ಜಾಗದಲ್ಲಿ ತೋರಿಸಲು ಏನಾದರೂ ಬೇಕಲ್ಲ.

ಕಾರು ಎರಡು ಅಡಿ ಮುಂದೆ ಹೋಯಿತು. ಹೆದ್ದಾರಿಯ ಬೋರ್ಡು ಕಂಡಿತು. 66. ಇದೇ ಹೆದ್ದಾರಿಯ ಹಳೆಯ ನಂಬರು 17. ಕೂಡಿಸಿದರೆ 83. ಬೆಳಕಿನ ವೇಗ ಠರಾವಾದದ್ದು 1983ರಲ್ಲಿ! ಕಪಿಲ್ ದೇವ್ ವಿಶ್ವಕಪ್ ಎತ್ತಿದ್ದೂ 1983ರಲ್ಲಿ! "ಕರಾವಳಿಯ ಹೆದ್ದಾರಿಯಲ್ಲಿ ಅಡಗಿರುವ ಬೆಳಕಿನ ರಹಸ್ಯ" ಎಂದು ತಲೆಬರಹ ಕೊಟ್ಟು, ಕೊನೆಗೆ ಎರಡು ಕೈಮುಗಿದ ಚಿತ್ರ ಹಾಕಿ, ಕುಟುಂಬದ ಗ್ರೂಪಿಗೆ ಬಿಟ್ಟೆ. ಟೋಲ್ ದಾಟುವುದರೊಳಗೆ ಭಾವನ ಮೊಬೈಲ್ ಟಿಣ್ ಎಂದಿತು. ನನ್ನ ಹೆಸರು ನೋಡಲಿಲ್ಲವೋ ಏನೋ, ಮನೆ ಮುಟ್ಟಿದ ಮೇಲೆ ಮುಂದಕ್ಕೆ ಕಳಿಸಿದರು.

ರಾತ್ರಿ ಹನ್ನೊಂದಕ್ಕೆ ಅದು ಸುರತ್ಕಲ್ಲಿನ ಒಬ್ಬ ಹಳೆಯ ಸಹೋದ್ಯೋಗಿಯಿಂದ ನನಗೇ ವಾಪಸು ಬಂತು. ನನ್ನ ಹೆಸರು ಹೋಗಿತ್ತು, ಕೈಮುಗಿದ ಚಿತ್ರ ಎಂಟಾಗಿತ್ತು. ಕೆಳಗೆ ನಾನು ಬರೆಯದ ಒಂದು ಸಾಲು ಸೇರಿತ್ತು: "ಬೆಳಕಿನ ವೇಗ ತೀರ್ಮಾನವಾದ ಆ ಸಭೆ ಎಷ್ಟನೆಯದು ಗೊತ್ತೇ? 17ನೆಯದು!"

ಬೊಗಳೆ ಎಂದುಕೊಂಡು ಹುಡುಕಿದೆ. ಹೌದು. ತೂಕ ಮತ್ತು ಅಳತೆಗಳ ಹದಿನೇಳನೆಯ ಮಹಾಸಭೆ, 1983. ಸುಳ್ಳು ಯಾಕೆ ಹೇಳಲಿ, ಕೈಯ ರೋಮ ಎದ್ದು ನಿಂತಿತು. ನಾನೇ ಕಟ್ಟಿದ ಬೆದರುಗೊಂಬೆಗೆ ನಾನೇ ಬೆದರಿದ ಹಾಗಾಯಿತು. ಎದ್ದು ಅಂಗಿಯ ಕಿಸೆಯಿಂದ ಆ ಆಮಂತ್ರಣ ತೆಗೆದು ನೋಡಿದೆ. 39, 1100, 16, 13.8, ಎಲ್ಲ ಗೀಟು ಹಾಕಿ ಹೊಡೆದದ್ದು. ಅವನ್ನು ನಾನು ಯಾರಿಗೂ ಕಳಿಸಿರಲಿಲ್ಲ. ರೋಮ ಮಲಗಿತು.

ಬೆಳಿಗ್ಗೆ ಭಾವನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. "ಭಾವ, ಆ ಹೆದ್ದಾರಿಯ ಮೆಸೇಜು ಉಂಟಲ್ಲ, ಅದು ಟೋಲಿನಲ್ಲಿ ಕೂತು ನಾನೇ ಮಾಡಿದ್ದು. ತಮಾಷೆಗೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕಾಫಿ ಹೀರುವ ಸದ್ದು ಮಾತ್ರ.

"ನೀವು ಮಾಡಿದ್ದು ಸರಿ ಭಾವ," ಎಂದರು ಕೊನೆಗೆ. "ಮಾಡಿಸಿದ್ದು ಯಾರು?"