ರಣಕವಚಕ್ಕೆ ಮೂರು ಪ್ರತಿ ಇಂಡೆಂಟ್

ನನ್ನ ತಂಗಿಯ ಮಗ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಭಾನುವಾರ ಮೈಸೂರಿಗೆ ಬಂದರೆ ನಮ್ಮ ಮನೆಯಲ್ಲೇ ಊಟ. ಕಳೆದ ಬಾರಿ ಎಲೆ ತೆಗೆದ ಕೂಡಲೇ ನಲವತ್ತು ಪುಟಗಳ ಕಥೆಯೊಂದನ್ನು ಕೈಗಿತ್ತು, "ಮಾವ, ಒಮ್ಮೆ ನೋಡಿ, ತಪ್ಪಿದ್ದರೆ ತಿದ್ದಿಬಿಡಿ" ಎಂದ. ಮೂವತ್ತಮೂರು ವರ್ಷ ಸರ್ಕಾರಿ ಉಗ್ರಾಣ ಕಾಯ್ದವನಿಗೆ ಹೇಳಬಾರದ ಮಾತು ಅದು. ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಜೇಬಿನಲ್ಲಿದೆ. ಕಚೇರಿ ಯಾವುದೆಂದು ಮಾತ್ರ ಕೇಳಬೇಡಿ, ಪಿಂಚಣಿ ಬರುತ್ತಿದೆ.

ಕಥೆ ನಡೆಯುವುದು 2147ರಲ್ಲಿ. ಶನಿಗ್ರಹದ ಟೈಟನ್ ಉಪಗ್ರಹದವರು ಕೃಷ್ಣರಾಜಸಾಗರದ ನೀರಿಗಾಗಿ ದಂಡೆತ್ತಿ ಬರುತ್ತಾರೆ. ಟೈಟನ್‌ನಲ್ಲಿ ಸರೋವರಗಳಿವೆ, ಆದರೆ ಅವುಗಳಲ್ಲಿರುವುದು ದ್ರವರೂಪದ ಮೀಥೇನ್. ನೀರು ಅಲ್ಲಿ ಬಂಡೆಯಂತೆ ಹೆಪ್ಪುಗಟ್ಟಿದೆ. ಹಾಗಾಗಿ ಅವರಿಗೆ 124.80 ಅಡಿ ತುಂಬಿದ ಕನ್ನಂಬಾಡಿಯ ಮೇಲೆ ಕಣ್ಣು. ಇಷ್ಟು ದೂರದಿಂದ ಬಂದವರು ನ್ಯಾಯಮಂಡಳಿಗೆ ಹೋಗದೆ ನೇರವಾಗಿ ಅಣೆಕಟ್ಟಿಗೆ ಹೋದರೆಂದರೆ ಯಾರು ನಂಬುತ್ತಾರೆ? ಮೊದಲ ಪುಟದಲ್ಲಿಯೇ ಗುರುತು ಹಾಕಿದೆ.

ಅವರನ್ನು ತಡೆಯಲು ಶ್ರೀರಂಗಪಟ್ಟಣದಲ್ಲಿ ಇಪ್ಪತ್ತನಾಲ್ಕು ಯೋಧರ ತುಕಡಿ. ಒಬ್ಬೊಬ್ಬರಿಗೂ ಎಂಟಡಿ ಎತ್ತರದ ಯಂತ್ರಕವಚ. ಒಳಗಿರುವವನು ಬೆರಳು ಮಡಚಿದರೆ ಉಕ್ಕಿನ ಬೆರಳು ಮಡಚುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಅವನಿಗೆ ಮೂರೇ ನೆಗೆತ. ಸ್ಥಳದ ಆಯ್ಕೆಗೆ ನನ್ನ ತಕರಾರಿಲ್ಲ. ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಇಂಗ್ಲಿಷರ ಸೈನ್ಯದ ಮೇಲೆ ಹಾರಿಸಿದ ಊರು ಅದು. 1799ರಲ್ಲಿ ಕೋಟೆ ಬಿದ್ದ ಮೇಲೆ ಅದೇ ಇಂಗ್ಲಿಷರು ಉಳಿದ ರಾಕೆಟ್ಟುಗಳನ್ನು ತಮ್ಮ ದೇಶಕ್ಕೆ ಸಾಗಿಸಿ, ಬಿಚ್ಚಿ ನೋಡಿ, ತಮ್ಮವನ್ನು ಮಾಡಿಕೊಂಡರು. ಅದಕ್ಕೆ ಯಾರಾದರೂ ರಸೀದಿ ಬರೆಸಿಕೊಂಡರೇ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ.

"ಇಂಥ ಕವಚ ಆಗುವ ಮಾತೇನಪ್ಪಾ?" ಎಂದೆ. ಹುಡುಗ ಪ್ರಾಮಾಣಿಕ, ಆಗದೆ ಹೋದದ್ದನ್ನೇ ಹೇಳಿದ. 1965ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಹಾರ್ಡಿಮನ್ ಎಂಬ ಯಂತ್ರದ ಉಡುಪನ್ನು ಮಾಡಲು ಹೊರಟಿತು. ಅದರ ತೂಕ 680 ಕಿಲೋ, ಎತ್ತಬೇಕಾದ ಭಾರವೂ ಅಷ್ಟೇ. ಇಡೀ ಯಂತ್ರಕ್ಕೆ ಒಟ್ಟಿಗೆ ಚಾಲನೆ ಕೊಟ್ಟರೆ ದೆವ್ವ ಮೆಟ್ಟಿದಂತೆ ಕೈಕಾಲು ಬಡಿಯುತ್ತಿದ್ದುದರಿಂದ ಒಳಗೆ ಮನುಷ್ಯನನ್ನು ಕೂರಿಸಿ ಚಾಲೂ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಒಂದು ತೋಳನ್ನು ಪಳಗಿಸುವ ಹೊತ್ತಿಗೆ ಸಾಕಾಯಿತು. ಇತ್ತ ನಮ್ಮ ದಸರಾ ಆನೆ ಅಭಿಮನ್ಯು 750 ಕಿಲೋ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ನಡೆದಿದ್ದಾನೆ. ಹುಲ್ಲು, ಭತ್ತ, ಬೆಲ್ಲ, ತೆಂಗಿನಕಾಯಿ ಕೊಟ್ಟರಾಯಿತು.

2013ರಲ್ಲಿ ಅಮೆರಿಕದ ವಿಶೇಷ ಪಡೆಗಳ ಕಮಾಂಡ್ ಟ್ಯಾಲೋಸ್ ಎಂಬ ಹೆಸರಿನಲ್ಲಿ ಮತ್ತೆ ಇದೇ ಕನಸಿಗೆ ಕೈಹಾಕಿತು. 2019ರಲ್ಲಿ, ಬಿಡಿ ಭಾಗಗಳು ಉಪಯೋಗಕ್ಕೆ ಬರಬಹುದು, ಇಡೀ ಕವಚ ಮಾತ್ರ ಆಗದು ಎಂದು ಕೈಬಿಟ್ಟಿತು. ಇಂಥ ಉಡುಪುಗಳ ದೊಡ್ಡ ತೊಡಕು ಶಕ್ತಿಯದು. ಓಡಿಸುವ ಬ್ಯಾಟರಿಯನ್ನು ಕವಚವೇ ಹೊರಬೇಕು. ಬ್ಯಾಟರಿ ಹೆಚ್ಚಿದಂತೆ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದಂತೆ ಮತ್ತಷ್ಟು ಬ್ಯಾಟರಿ ಬೇಕಾಗುತ್ತದೆ.

"2147ರ ಹೊತ್ತಿಗೆ ಬ್ಯಾಟರಿ ಸರಿಹೋಗಿರುತ್ತದೆ ಮಾವ."

"ಬ್ಯಾಟರಿ ಸರಿಹೋದೀತು, ತ್ರೀಫೇಸ್?"

ಮಂಡ್ಯದಲ್ಲಿ ಓದುವ ಹುಡುಗನಿಗೆ ವಿವರಿಸಬೇಕಾಗಲಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವುದು ಪಾಳಿಯ ಮೇಲೆ. ರಾತ್ರಿ ಪಾಳಿಯ ವಾರ ಹಾವು ಚೇಳು ನೋಡದೆ ಟಾರ್ಚ್ ಹಿಡಿದು ಗದ್ದೆಗೆ ಹೋಗಬೇಕು. ರಾತ್ರಿ ಪಾಳಿಯ ವಾರದಲ್ಲಿ ಟೈಟನ್ನಿನವರು ಮಧ್ಯಾಹ್ನ ಬಂದಿಳಿದರೆ ಇಪ್ಪತ್ತನಾಲ್ಕು ಕವಚಗಳೂ ನಿಂತಲ್ಲೇ ತೂಕಡಿಸುತ್ತವೆ. ಯೋಧರೆಲ್ಲ ವಿದ್ಯುತ್ ಕಚೇರಿಗೆ ಫೋನ್ ಮಾಡುತ್ತಾರೆ, ರಿಸೀವರನ್ನು ಎತ್ತಿ ಪಕ್ಕಕ್ಕಿಟ್ಟಿರುತ್ತಾರೆ. ಇದನ್ನು ಏಳನೆಯ ಪುಟದ ಅಂಚಿನಲ್ಲಿ ಬರೆದೆ.

ಹುಡುಗನ ಕಥೆಯಲ್ಲಿ ಕವಚಗಳು ಬಂದ ಮರುದಿನವೇ ಯುದ್ಧಕ್ಕೆ ಹೊರಡುತ್ತವೆ. ಉದ್ಘಾಟನೆ ಯಾವಾಗ ಆಯಿತು? ಸಚಿವರ ದಿನಾಂಕ ಸಿಗುವವರೆಗೆ ಕವಚದ ಪ್ಲಾಸ್ಟಿಕ್ ಹೊದಿಕೆ ತೆಗೆಯುವಂತಿಲ್ಲ. ದಿನಾಂಕ ಸಿಕ್ಕ ವಾರ ಯಾವುದೋ ಉಪಚುನಾವಣೆಯ ನೀತಿಸಂಹಿತೆ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ಒಂದು ವರ್ಷದ ವಾರಂಟಿ ಮುಗಿದಿರುತ್ತದೆ. ಇಷ್ಟಾಗಿಯೂ ಹೊದಿಕೆ ತೆಗೆದರೆ, ಅತಿ ಕಡಿಮೆ ದರ ನಮೂದಿಸಿದವರಿಂದಲೇ ಕೊಂಡದ್ದರಿಂದ, ಒಬ್ಬರು ಕೊಟ್ಟ ಶಿರಸ್ತ್ರಾಣ ಮತ್ತೊಬ್ಬರು ಕೊಟ್ಟ ಕುತ್ತಿಗೆಗೆ ಕೂರುವುದಿಲ್ಲ.

ಆಯುಧಪೂಜೆಯನ್ನು ಕೂಡ ಮರೆತಿದ್ದಾನೆ, ಮೈಸೂರಿನ ಹೆಣ್ಣುಮಗಳು ಹೆತ್ತ ಮಗ! ಎಂಟಡಿ ಕವಚಗಳನ್ನು ಸಾಲಾಗಿ ನಿಲ್ಲಿಸಿ, ಎದೆಗೆ ವಿಭೂತಿಪಟ್ಟೆ ಬಳಿದು, ಆಂಟೆನಾಗೆ ಬಾಳೆಕಂದು ಕಟ್ಟಿ, ಗುರಿಯಿಡುವ ಕ್ಯಾಮೆರಾದ ಕಣ್ಣಿಗೆ ಸರಿಯಾಗಿ ಒಂದು ಕುಂಕುಮದ ಬೊಟ್ಟು. ಪಾದದಡಿ ಒಂದೊಂದು ನಿಂಬೆಹಣ್ಣು. ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆದಾಗ ಕವಚದ ಗಣಕಕ್ಕೆ ಎಲ್ಲೆಲ್ಲೂ ರಕ್ತವೇ ಕಂಡು, ಮೊದಲ ಸಾಲಿನಲ್ಲಿ ಕುಳಿತ ಗಣ್ಯರನ್ನು ಶತ್ರುಗಳೆಂದು ಎಣಿಸಬಹುದು. ಈ ಒಂದು ವಿಷಯದಲ್ಲಿ ಗಣಕದ ತೀರ್ಮಾನವನ್ನು ನಾನು ತಿದ್ದಲಿಲ್ಲ.

ಕವಚ ಎಂದರೆ ನನಗೆ ಮೊದಲು ನೆನಪಾಗುವುದು ಕರ್ಣ. ಹುಟ್ಟಿನಿಂದ ಮೈಗೆ ಅಂಟಿ ಬಂದದ್ದು, ಚಾರ್ಜ್ ಮಾಡುವ ಗೊಡವೆ ಇಲ್ಲ, ಮೈ ಬೆಳೆದಂತೆ ಅಳತೆಯೂ ಬೆಳೆಯುವ ಸರಕು. ಬ್ರಾಹ್ಮಣನ ವೇಷದಲ್ಲಿ ಇಂದ್ರ ಬಂದು ಕೇಳಿದ, ಕರ್ಣ ಸುಲಿದು ಕೊಟ್ಟ. ಬದಲಿಗೆ ಸಿಕ್ಕಿದ್ದು ಒಂದೇ ಬಾರಿ ಎಸೆಯಬಹುದಾದ ಶಕ್ತ್ಯಾಯುಧ. ಎಲ್ಲರೂ ಇದನ್ನು ದಾನವೆಂದು ಕೊಂಡಾಡುತ್ತಾರೆ. ಉಗ್ರಾಣದ ಕಣ್ಣಿನಲ್ಲಿ ನೋಡಿ: ಶಾಶ್ವತ ದಾಸ್ತಾನನ್ನು ಇಂಡೆಂಟ್ ಎಂಬ ಬೇಡಿಕೆಪತ್ರ ಇಲ್ಲದೆ, ಗೇಟ್ ಪಾಸ್ ಇಲ್ಲದೆ, ಸುಳ್ಳು ವಿಳಾಸದ ವ್ಯಕ್ತಿಗೆ ಕೊಟ್ಟು, ಬದಲಿಗೆ ಒಮ್ಮೆ ಬಳಸಿದರೆ ಮುಗಿಯುವ ಸಾಮಗ್ರಿ ಪಡೆದದ್ದು. ಆಡಿಟ್‌ನವರ ಕೈಗೆ ಸಿಕ್ಕಿದ್ದರೆ ಕುರುಕ್ಷೇತ್ರಕ್ಕೆ ಮೊದಲೇ ಅಮಾನತು.

ನನ್ನ ಉಗ್ರಾಣದಲ್ಲಿ ಅಂಥದ್ದು ನಡೆಯಲಿಲ್ಲ. ಟ್ಯಾಲೋಸ್ ಶುರುವಾದ 2013ರಲ್ಲಿಯೇ ನಮ್ಮ ದೇಶದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಹೊಸ ಕಾಯ್ದೆ ಬಂತು. ಅದರ ನಿಯಮಗಳಲ್ಲಿ ರಕ್ಷಣಾ ಸಾಮಗ್ರಿಗಳ ಉದ್ದನೆಯ ಪಟ್ಟಿಯೇ ಇದೆ: ಉಸಿರಾಟದ ಸಾಧನ, ವಿಷಾನಿಲ ಅಳೆಯುವ ಉಪಕರಣ, ಇಡೀ ಮೈ ಮುಚ್ಚುವ ಉಡುಪು. ಹುಡುಗನ ಯೋಧನಿಗೆ ಇರುವುದೂ ಹೆಚ್ಚುಕಡಿಮೆ ಅದೇ, ನೆಗೆತ ಒಂದನ್ನು ಬಿಟ್ಟು. ನಮ್ಮಲ್ಲಿಗೂ ಬಂತು. ಗಂಬೂಟುಗಳೆಲ್ಲ ಹತ್ತನೆಯ ಅಳತೆಯವು, ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರು. ವಿತರಿಸಿದರೆ ಅಳತೆ ಸರಿಯಿಲ್ಲವೆಂದು ದೂರು, ವಾಪಸು ಕಳಿಸಿದರೆ ಬಿಲ್ ತಡೆ. ಎರಡೂ ಬೇಡವೆಂದು ಮೇಲಿನ ಅಟ್ಟಕ್ಕೇರಿಸಿದೆ. ಮೈ ಮುಚ್ಚುವ ಉಡುಪು ಎರಡು ಬಂದಿದ್ದವು. ತಪಾಸಣಾ ತಂಡ ಬಂದ ದಿನ ಒಬ್ಬ ಪೌರಕಾರ್ಮಿಕನಿಗೆ ತೊಡಿಸಿ, ಮುಸುಕು ಹಾಕಿಸಿ, ಸಾಹೇಬರ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದೆವು. ಸಂಜೆ ಐದೂವರೆಗೆ ಬಿಚ್ಚಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಮಡಿಸಿ ಒಳಗಿಟ್ಟೆ. ಮರುದಿನ ಬೆಳಿಗ್ಗೆ ಕಚೇರಿಗೆ ಬರುವಾಗ ತಿರುವಿನ ಮ್ಯಾನ್‌ಹೋಲ್ ಬಾಯಿಂದ ಅವನ ತಲೆ ಕಂಡಿತು. ಮೈಮೇಲೆ ಬನಿಯನ್ ಇತ್ತು. ನನ್ನನ್ನು ನೋಡಿ ಕೆಸರಾದ ಕೈಯೆತ್ತಿ ನಮಸ್ಕಾರ ಮಾಡಿದ.

ಉಡುಪು ಉಗ್ರಾಣದಲ್ಲಿ ಭದ್ರವಾಗಿತ್ತು. ನಾನು ನಿವೃತ್ತನಾದ ದಿನ ಎಣಿಸಿ ಒಪ್ಪಿಸಿದಾಗಲೂ ಎರಡೇ ಇದ್ದವು, ಒಂದು ಗೀರೂ ಬಿದ್ದಿರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕಥೆಯನ್ನು ಎತ್ತಿಕೊಂಡು ಹೋದ. ಎರಡು ವಾರ ಬಿಟ್ಟು ತಿದ್ದಿದ ಪ್ರತಿ ತಂದ. ಯುದ್ಧವನ್ನೆಲ್ಲ ತೆಗೆದುಹಾಕಿದ್ದ. ಟೈಟನ್ನಿನ ಮೂವರು ಹಗಲು ಹೊತ್ತಿನಲ್ಲಿಯೇ ಉಗ್ರಾಣಕ್ಕೆ ಬರುತ್ತಾರೆ, ತಲೆಗೆ ಮೈಸೂರು ಪೇಟ ಸುತ್ತಿಕೊಂಡು. ಮೇಜಿನ ಹಿಂದೆ ಒಬ್ಬ ಕನ್ನಡಕದ ಮುದುಕ. ಇಪ್ಪತ್ತನಾಲ್ಕು ಕವಚಗಳಿಗೆ ಮೂರು ಪ್ರತಿಗಳಲ್ಲಿ ಇಂಡೆಂಟ್ ತುಂಬಿ ಮುಂದಿಡುತ್ತಾರೆ. ಮುದುಕ ಅಕ್ಷರಕ್ಷರ ಓದಿ, ಗೇಟ್ ಪಾಸ್ ಬರೆದು, ಬೀಗದ ಕೈ ತೆಗೆಯುತ್ತಾನೆ. ಹೊರಗೆ ತ್ರೀಫೇಸ್ ಬಂದ ಸದ್ದಿಗೆ ಪಂಪ್‌ಸೆಟ್ಟುಗಳೆಲ್ಲ ಎಚ್ಚರಗೊಳ್ಳುತ್ತವೆ.

"ಈಗ ಸರಿಯಾಗಿದೆಯೇ ಮಾವ?" ಎಂದ.

ಎರಡು ಸಲ ಓದಿದೆ. ಮೂರನೆಯ ಪ್ರತಿಗೆ ಮೊಹರು ಬಿದ್ದಿಲ್ಲವೆಂದು ಒಂದು ಕಡೆ ಕೆಂಪು ಗುರುತು ಹಾಕಿ ಹಿಂದಿರುಗಿಸಿದೆ.